ಬೆನ್ನಿಗೆಷ್ಟು, ಸೈಕಲ್ಲಿಗೆಷ್ಟು?

ಬ್ಯಾಗ್ ಕೊಳ್ಳೋದು ಅಂದ್ರೆ ಅದೇನು ಮಹಾ ವಿಷಯ? ಬಣ್ಣ ನೋಡು, ರೇಟ್ ನೋಡು, ತಗೋ. ನಾನೂ ಹಾಗೇ ಅಂದುಕೊಂಡಿದ್ದೆ, ಜೂನ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಡೈರಿ ಸರ್ಕಲ್ ಹತ್ತಿರ ರಸ್ತೆ ಮೇಲೆ ಬೀಳುವ ತನಕ.

ನನ್ನ ಮನೆ ಬನಶಂಕರಿ ಎರಡನೇ ಹಂತದಲ್ಲಿ, ಆಫೀಸು ಕೋರಮಂಗಲದಲ್ಲಿ. ಹೆಚ್ಚು ಕಡಿಮೆ ಒಂಬತ್ತು ಕಿಲೋಮೀಟರ್. ಕ್ಯಾಬಿನಲ್ಲಿ ಹೋದ್ರೆ ಒಂದು ಗಂಟೆ, ಮಳೆ ಬಂದ್ರೆ ಒಂದೂವರೆ. ಸೈಕಲ್ಲಿನಲ್ಲಿ ನಲವತ್ತು ನಿಮಿಷ. ಲೆಕ್ಕ ಸರಳವಾಗಿತ್ತು. ಕಳೆದ ವರ್ಷ ಬೋನಸ್ ಬಂದಾಗ ಒಂದು ಗೇರ್ ಸೈಕಲ್ ತಗೊಂಡೆ. ಹೆಲ್ಮೆಟ್, ಲೈಟು, ಬೆಲ್ಲು ಎಲ್ಲ ತಗೊಂಡೆ. ಬ್ಯಾಗ್ ಮಾತ್ರ ತಗೊಳ್ಳಲಿಲ್ಲ. ಆಫೀಸ್ ಸೇರಿದ ದಿನ ಪುಕ್ಕಟೆ ಕೊಟ್ಟ ಬ್ಯಾಗ್ ಇತ್ತಲ್ಲ!

ಆವತ್ತು ಬೆಳಿಗ್ಗೆ ಎಡಗಡೆ ಒಂದು ಗೂಡ್ಸ್ ಆಟೋ ನಿಂತಿತ್ತು. ಅದನ್ನ ದಾಟಿ ಹೋಗೋಣ ಅಂತ ಬಲಕ್ಕೆ ಕತ್ತು ತಿರುಗಿಸಿ ಹಿಂದೆ ನೋಡಿದೆ. ಅಷ್ಟೇ. ಬಲಗಡೆ ಪಟ್ಟಿ ಭುಜದಿಂದ ಜಾರಿ ಮೊಣಕೈಗೆ ಬಂತು. ಬ್ಯಾಗ್ ಇಡಿಯಾಗಿ ಎಡಕ್ಕೆ ವಾಲಿತು, ಹ್ಯಾಂಡಲ್ಲೂ ಅದರ ಜೊತೆ ಹೋಯ್ತು. ಬಿದ್ದೆ. ಹಿಂದೆ ಬರ್ತಿದ್ದ ಬಸ್ಸಿನ ಬ್ರೇಕ್ ಸದ್ದು ಈಗಲೂ ಕಿವಿಯಲ್ಲಿದೆ. ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಬೈಯಲಿಲ್ಲ, "ಏಳಮ್ಮಾ, ಪೆಟ್ಟಾಯ್ತಾ?" ಅಂದರು. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು. ಅಳು ಬಂದುಬಿಟ್ಟಿತು.

ಎಡ ಮೊಣಕೈ ತರಚಿತ್ತು, ಅಷ್ಟೇ. ಆ ರಾತ್ರಿ ವಿಡಿಯೋ ಕಾಲಿನಲ್ಲಿ ಅಮ್ಮ ಬ್ಯಾಂಡೇಜ್ ನೋಡಿ, "ಏನೇ ಅದು?" ಅಂದಳು. "ಬಾತ್‌ರೂಮಿನಲ್ಲಿ ಜಾರಿದೆ" ಅಂದೆ. ನಿಜ ಹೇಳಿದ್ದರೆ ಮಾರನೇ ದಿನವೇ ಸೈಕಲ್ ಬಿಡಿಸಿ ಸ್ಕೂಟಿ ಕೊಡಿಸುವ ಮಾತು ಶುರುವಾಗ್ತಿತ್ತು. ಆ ನಲವತ್ತು ನಿಮಿಷ ಬಿಟ್ಟರೆ ಇಡೀ ದಿನದಲ್ಲಿ ನನ್ನದು ಅಂತ ಇರೋ ಹೊತ್ತು ಇನ್ನೊಂದಿಲ್ಲ. ಅದನ್ನ ಬಿಟ್ಟುಕೊಡೋಕೆ ನನಗೆ ಮನಸ್ಸಿರಲಿಲ್ಲ.

ಅಪ್ಪನ ತಪಾಸಣೆ

ಆಗಸ್ಟಿನಲ್ಲಿ ಅಪ್ಪ ಕಣ್ಣು ತೋರಿಸಿಕೊಳ್ಳೋಕೆ ಅಂತ ಭದ್ರಾವತಿಯಿಂದ ಬಂದರು. ಎರಡು ವಾರ ನನ್ನ ಜೊತೆಗಿದ್ದರು. ಅಪ್ಪ ಮೂವತ್ತು ವರ್ಷ ಕಾರ್ಖಾನೆಗೆ ಸೈಕಲ್ಲಿನಲ್ಲೇ ಹೋಗಿ ಬಂದವರು. ಚಿಕ್ಕವಳಿದ್ದಾಗ ಶಿಫ್ಟ್ ಬಿಡೋ ಹೊತ್ತಿಗೆ ನಾನು ಗೇಟಿನ ಹತ್ತಿರ ನಿಂತಿರ್ತಿದ್ದೆ. ಸಾಲು ಸಾಲು ಸೈಕಲ್ಲು ಬರ್ತಿದ್ದವು. ಎಲ್ಲರ ಹ್ಯಾಂಡಲ್ಲಿಗೂ ವೈರ್ ಬುಟ್ಟಿ, ಅದರಲ್ಲಿ ಟಿಫನ್ ಕ್ಯಾರಿಯರ್, ಹಿಂದಿನ ಕ್ಯಾರಿಯರಿನ ಕ್ಲಿಪ್ಪಿಗೆ ಸಿಕ್ಕಿಸಿದ ಒಂದು ಬಟ್ಟೆ ಚೀಲ. ಬೆನ್ನ ಮೇಲೆ ಏನಾದರೂ ಹೊತ್ತವರು ಒಬ್ಬರೂ ನೆನಪಿಲ್ಲ.

ಬಂದ ಎರಡನೇ ದಿನ ಬೆಳಿಗ್ಗೆ ನಾನು ಶೂ ಹಾಕ್ಕೊಳ್ತಿದ್ದೆ. ಅಪ್ಪ ಬಾಗಿಲ ಹತ್ತಿರವಿದ್ದ ಬ್ಯಾಗನ್ನ ಪಕ್ಕಕ್ಕಿಡೋಕೆ ಅಂತ ಎತ್ತಿದರು. ಎತ್ತಿ ಹಾಗೇ ಕೆಳಗಿಟ್ಟರು.

"ಪುಟ್ಟಿ, ಇದರಲ್ಲಿ ಏನು ಕಲ್ಲು ತುಂಬಿದೀಯ?"

ಸಂಜೆ ಬಂದಾಗ ಮೇಜಿನ ಮೇಲೆ ಊರಿಗೆ ಹೋಗುವಾಗ ಲಗೇಜ್ ತೂಗೋ ಕೊಕ್ಕೆ ತಕ್ಕಡಿ ಸಿದ್ಧವಾಗಿತ್ತು. ಬ್ಯಾಗ್ ಸಿಕ್ಕಿಸಿದರು. 9.7 ಕಿಲೋ ತೋರಿಸಿತು. ಆಮೇಲೆ ಒಂದೊಂದೇ ಹೊರಗೆ ತೆಗೆಸಿ, ಕವರಿಗೆ ಹಾಕಿ ತೂಗಿ, ಹಳೇ ಕ್ಯಾಲೆಂಡರಿನ ಹಿಂದೆ ಬರೆದರು. ಲ್ಯಾಪ್‌ಟಾಪ್ 1.8. ಚಾರ್ಜರ್ 0.4. ನೀರು ತುಂಬಿದ ಸ್ಟೀಲ್ ಬಾಟಲಿ 1.3. ಊಟ ತುಂಬಿದ ಟಿಫನ್ ಕ್ಯಾರಿಯರ್ 1.2. ಆಫೀಸ್ ಶೂ 0.8. ಬಟ್ಟೆ, ಟವೆಲ್ 0.9. ಸೈಕಲ್ ಬೀಗದ ಸರಪಳಿ 1.1. ಕೊಡೆ 0.4. ಮೂರು ತಿಂಗಳಿಂದ ತೆರೆದೇ ನೋಡದ ಪುಸ್ತಕ 0.4. ಪವರ್ ಬ್ಯಾಂಕ್, ಕ್ರೀಮು, ಬಾಚಣಿಗೆ ಎಲ್ಲ ಇರೋ ಪೌಚ್ 0.5. ಖಾಲಿ ಬ್ಯಾಗೇ 0.9.

ನನ್ನ ತೂಕ 54 ಕಿಲೋ. ಶಾಲೆ ಮಕ್ಕಳ ಚೀಲ ಅವರ ದೇಹದ ತೂಕದ ಶೇ. 10 ಮೀರಬಾರದು ಅಂತ ಕೇಂದ್ರ ಸರ್ಕಾರದ 2020ರ ಶಾಲಾ ಚೀಲ ನೀತಿ ಹೇಳುತ್ತೆ. ದೊಡ್ಡವರ ಬೆನ್ನು ಮಕ್ಕಳದ್ದಕ್ಕಿಂತ ಗಟ್ಟಿ, ಒಪ್ಪೋಣ. ಆದರೂ ಶೇ. 18 ಹೊತ್ತುಕೊಂಡು ಬೆಂಗಳೂರಿನ ಏರು ಹತ್ತುತ್ತಿದ್ದೆ ನಾನು.

ಸೈಕಲ್ಲಿನ ಮೇಲೆ ಈ ಭಾರದ ಕತೆಯೇ ಬೇರೆ. ನಡೆಯುವಾಗ ಭಾರ ಭುಜದಿಂದ ನೇರ ಕೆಳಗಿಳಿಯುತ್ತೆ. ಸೈಕಲ್ಲಿನ ಮೇಲೆ ಮುಂದಕ್ಕೆ ಬಾಗಿರ್ತೀವಿ, ಹಾಗಾಗಿ ಅದರ ಒಂದು ಪಾಲು ಕತ್ತಿಗೆ, ಅಂಗೈಗೆ, ಮಣಿಕಟ್ಟಿಗೆ ಬರುತ್ತೆ. ಸಂಜೆ ಕೈಬೆರಳು ಜೋಮು ಹಿಡೀತಿದ್ದದ್ದು ಟೈಪಿಂಗಿನಿಂದ ಅಂತ ನಾನು ಅಂದುಕೊಂಡಿದ್ದೆ. ಜೊತೆಗೆ ಭಾರ ಎತ್ತರದಲ್ಲಿದ್ದಷ್ಟೂ ತಿರುವಿನಲ್ಲಿ ಸೈಕಲ್ ವಾಲೋದು ಜಾಸ್ತಿ.

ಅಪ್ಪ ಪೆನ್ನು ಕೆಳಗಿಟ್ಟು ಹೇಳಿದರು, "ಹೊಸ ಬ್ಯಾಗ್ ಆಮೇಲೆ ನೋಡೋಣ. ಮೊದಲು ಇದರಲ್ಲಿ ಅರ್ಧ ಇಳಿಸು."

ಮೊದಲು ಇಳಿಸಿ, ಆಮೇಲೆ ಕೊಳ್ಳಿ

ನಿಮಗೆ ನಾನು ಹೇಳೋ ಮೊದಲ ಮಾತೂ ಇದೇ. ಈಗಿನ ಸಾಮಾನಿಗೆ ಹೊಂದೋ ಬ್ಯಾಗ್ ಹುಡುಕಬೇಡಿ. ದೊಡ್ಡ ಬ್ಯಾಗ್ ತಂದರೆ ಅದು ತಾನಾಗೇ ತುಂಬ್ಕೊಳ್ಳುತ್ತೆ, ಮದುವೆಮನೆಗೆ ಒಯ್ದ ಸೂಟ್‌ಕೇಸಿನ ಹಾಗೆ.

ಶೂ ಆಫೀಸಿನ ಡ್ರಾಯರಿಗೆ ಹೋಯ್ತು. ಇನ್ನೊಂದು ಚಾರ್ಜರ್ ಕೇಳಿದೆ, ಮರುದಿನವೇ ಕೊಟ್ಟರು. ಒಂದು ವರ್ಷ ಕೇಳದೇ ಇದ್ದದ್ದು ನನ್ನ ತಪ್ಪು. ಬೀಗದ ಸರಪಳಿಯನ್ನ ಆಫೀಸಿನ ಸ್ಟ್ಯಾಂಡಿನಲ್ಲೇ ಬಿಟ್ಟು ಬರೋಕೆ ಶುರು ಮಾಡಿದೆ. ನೀರಿನ ಬಾಟಲಿಗೆ ಸೈಕಲ್ಲಿನ ಫ್ರೇಮಿನಲ್ಲೇ ಜಾಗ ಇತ್ತು. ಕೊಡೆಯಿಂದ ಸೈಕಲ್ಲಿನ ಮೇಲೆ ಏನು ಉಪಯೋಗ? ಅದರ ಬದಲು ತೆಳು ರೇನ್‌ಕೋಟ್. ಟವೆಲ್ ಸೋಮವಾರ ಹೋಗಿ ಶುಕ್ರವಾರ ವಾಪಸ್ ಬರುತ್ತೆ. ಮೂರು ಅಂತಸ್ತಿನ ಕ್ಯಾರಿಯರ್ ಬದಲು ಒಂದು ಚಪ್ಪಟೆ ಡಬ್ಬಿ.

ಮತ್ತೆ ತೂಗಿದೆವು. ಲ್ಯಾಪ್‌ಟಾಪ್ 1.8, ಡಬ್ಬಿ 0.7, ಒಂದು ಜೊತೆ ಬಟ್ಟೆ 0.5, ರೇನ್‌ಕೋಟು ಮತ್ತು ಪಂಕ್ಚರ್ ಸಾಮಾನು 0.5, ಪೌಚ್ 0.3, ಬ್ಯಾಗ್ 0.9. ಒಟ್ಟು 4.7 ಕಿಲೋ. ಅರ್ಧಕ್ಕಿಂತ ಜಾಸ್ತಿ ಇಳಿದಿತ್ತು, ಒಂದು ರೂಪಾಯಿ ಖರ್ಚಿಲ್ಲದೆ.

"ಈಗ ನೋಡು," ಅಂದರು ಅಪ್ಪ, "ಕ್ಯಾರಿಯರ್ ಹಾಕಿಸಿದ್ರೆ ಇದನ್ನೂ ಹೊರೋದು ಬೇಡ. ಹೊರೋದು ಸೈಕಲ್ಲು, ತುಳಿಯೋದು ನೀನು."

ಇಲ್ಲಿ ಅಪ್ಪನಿಗೂ ನನಗೂ ಸಣ್ಣ ಜಗಳ. ಕ್ಯಾರಿಯರಿನ ಮೇಲೆ ಭಾರ ಇಟ್ಟರೆ ಬೆನ್ನು ಬೆವರಲ್ಲ, ಕತ್ತು ನೋಯಲ್ಲ, ಭಾರ ಕೆಳಗಿರೋದ್ರಿಂದ ಸೈಕಲ್ಲೂ ಸ್ಥಿರವಾಗಿರುತ್ತೆ. ಎಲ್ಲ ನಿಜ. ಆದ್ರೆ ನಮ್ಮ ರಸ್ತೆಯ ಗುಂಡಿ? ಒಂದೊಂದು ಗುಂಡಿಯ ಪೆಟ್ಟೂ ಕ್ಯಾರಿಯರಿನ ಕಂಬಿಯಿಂದ ನೇರ ಲ್ಯಾಪ್‌ಟಾಪಿನ ಪರದೆಗೆ ಹೋಗುತ್ತೆ. ಬೆನ್ನ ಮೇಲಿದ್ದರೆ ನಮ್ಮ ಕೈಕಾಲೇ ಶಾಕ್ ಅಬ್ಸಾರ್ಬರ್. ಇನ್ನೊಂದು ವಿಷಯ, ಸೈಕಲ್ ನಿಲ್ಲಿಸಿ ತರಕಾರಿ ಅಂಗಡಿಗೆ ಹೋಗಬೇಕಾದ್ರೆ ಕ್ಯಾರಿಯರ್ ಮೇಲೆ ಲ್ಯಾಪ್‌ಟಾಪ್ ಬಿಟ್ಟು ಹೋಗೋಕಾಗುತ್ತಾ?

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಸರಿ ಹಾಗಾದ್ರೆ. ಭಾರ ಸೈಕಲ್ಲಿಗೆ, ಬೆಲೆಬಾಳೋದು ಬೆನ್ನಿಗೆ" ಅಂದರು. ಜಗಳ ಅಲ್ಲಿಗೆ ಮುಗೀತು. ಡಬ್ಬಿ, ರೇನ್‌ಕೋಟು, ಪಂಕ್ಚರ್ ಸಾಮಾನು ಕ್ಯಾರಿಯರ್ ಮೇಲಿನ ಸಣ್ಣ ಚೀಲಕ್ಕೆ. ಬೆನ್ನ ಮೇಲೆ ಉಳಿದದ್ದು 3.5 ಕಿಲೋ. ನಿಮ್ಮದು ಗೇರ್ ಸೈಕಲ್ ಆಗಿದ್ದರೆ, ಹಿಂದಿನ ಚಕ್ರದ ಅಚ್ಚಿನ ಹತ್ತಿರ ಕ್ಯಾರಿಯರ್ ಕೂರಿಸೋಕೆ ತೂತು ಇದೆಯಾ ಅಂತ ಮೊದಲು ನೋಡಿ. ಎಲ್ಲ ಸೈಕಲ್ಲಿಗೂ ಇರಲ್ಲ.

ಹೊಲಿಗೆ ಅಣ್ಣನ ಪಾಠ

ಹಳೇ ಬ್ಯಾಗಿನ ಜಿಪ್ಪು ಆಗಲೇ ಬಾಯಿಬಿಟ್ಟಿತ್ತು. ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರ ಫುಟ್‌ಪಾತಿನಲ್ಲಿ ಕೂತು ಬ್ಯಾಗ್ ರಿಪೇರಿ ಮಾಡೋ ಒಬ್ಬರಿದ್ದಾರೆ. ಅವರಿಗೆ ತೋರಿಸಿದೆ. "ರನ್ನರ್ ಹಾಕಿಕೊಡ್ತೀನಿ ಮೇಡಂ, ಆದ್ರೆ ಪಟ್ಟಿ ಇನ್ನು ಎರಡು ತಿಂಗಳು ಬರಲ್ಲ" ಅಂದರು. ಹೊಸದು ತಗೊಳ್ಳೋದಾದ್ರೆ ಏನು ನೋಡಬೇಕು ಅಣ್ಣ ಅಂತ ಕೇಳಿದೆ. ದಿನವಿಡೀ ಹರಿದ ಬ್ಯಾಗುಗಳನ್ನೇ ನೋಡೋ ಮನುಷ್ಯ. ಬ್ಯಾಗ್ ಎಲ್ಲಿ ಸಾಯುತ್ತೆ ಅಂತ ಅವರಿಗೆ ಗೊತ್ತಿರೋಷ್ಟು ಯಾವ ಜಾಹೀರಾತಿಗೂ ಗೊತ್ತಿರಲ್ಲ.

ಅವರು ಮೂರು ಜಾಗ ತೋರಿಸಿದರು. ಒಂದು, ಭುಜದ ಪಟ್ಟಿ ಬ್ಯಾಗಿಗೆ ಸೇರೋ ಮೇಲ್ತುದಿ. ಅಲ್ಲಿ ಒಂದೇ ಗೆರೆ ಹೊಲಿಗೆ ಇದ್ದರೆ ಬಿಟ್ಟುಬಿಡಿ. ಚೌಕಾಕಾರದಲ್ಲಿ ಹೊಲಿದು ನಡುವೆ ಅಡ್ಡಗೆರೆ ಹಾಕಿರಬೇಕು. ಎರಡು, ಜಿಪ್ಪು. ಅದರ ರನ್ನರ್ ಹಿಂದೆ ಎಷ್ಟೋ ಸಲ 5, 8, 10 ಅಂತ ಸಂಖ್ಯೆ ಇರುತ್ತೆ. ಮುಚ್ಚಿದ ಹಲ್ಲುಗಳ ಅಗಲ ಸುಮಾರಾಗಿ ಅಷ್ಟು ಮಿಲಿಮೀಟರ್. ಸಣ್ಣ ಜೇಬಿಗೆ 5 ಸಾಕು, ದೊಡ್ಡ ಬಾಯಿಗೆ 8 ಅಥವಾ 10 ಇದ್ದರೆ ಬಾಳಿಕೆ ಬರುತ್ತೆ. ಮೂರು, ತಳ. ಇಡೋದೆಲ್ಲ ನೆಲದ ಮೇಲೇ, ಹಾಗಾಗಿ ತಳದ ಬಟ್ಟೆ ಎರಡು ಪದರ ಇರಬೇಕು.

ಬಟ್ಟೆಯ ವಿಷಯಕ್ಕೆ ಬಂದರೆ, ಟ್ಯಾಗಿನಲ್ಲಿ 300ಡಿ, 600ಡಿ ಅಂತ ಬರೆದಿರ್ತಾರೆ. ಡಿ ಅಂದ್ರೆ ಡೆನಿಯರ್, ಅಂದ್ರೆ 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಅನ್ನೋ ಲೆಕ್ಕ. ಸಂಖ್ಯೆ ಹೆಚ್ಚಾದಷ್ಟು ನೂಲು ದಪ್ಪ, ಬ್ಯಾಗ್ ಭಾರ. ದಿನಾ ಓಡಾಡೋಕೆ 600ಡಿ ಪಾಲಿಯೆಸ್ಟರ್ ಧಾರಾಳ.

ಅಂಗಡಿಯಲ್ಲಿ ಮರ್ಯಾದೆ ಬಿಡಿ

ಬ್ಯಾಗನ್ನ ಫೋನಿನಲ್ಲಿ ನೋಡಿ ಆರ್ಡರ್ ಮಾಡಬೇಡಿ ಅಂತ ಹೇಳಲ್ಲ. ಆದ್ರೆ ಒಂದು ಸಲ ಅಂಗಡಿಯಲ್ಲಿ ಹಾಕ್ಕೊಂಡು ನೋಡಿ. ನಾನು ಲ್ಯಾಪ್‌ಟಾಪು, ಬಟ್ಟೆ, ಹೆಲ್ಮೆಟ್ ಎಲ್ಲ ಒಯ್ದಿದ್ದೆ. ಅಪ್ಪನೂ ಜೊತೆಗೆ ಬಂದರು. ಖಾಲಿ ಬ್ಯಾಗ್ ಎಲ್ಲರ ಬೆನ್ನಿಗೂ ಚೆನ್ನಾಗೇ ಕೂರುತ್ತೆ. ಭಾರ ತುಂಬಿದ ಮೇಲೇ ಅದರ ಬಣ್ಣ ಬಯಲಾಗೋದು.

ಮೊದಲು ನಿಮ್ಮ ಬೆನ್ನು ಅಳೆಯಿರಿ. ತಲೆ ಬಗ್ಗಿಸಿದಾಗ ಕತ್ತಿನ ಹಿಂದೆ ಕೈಗೆ ಸಿಗುತ್ತಲ್ಲ ಉಬ್ಬಿದ ಮೂಳೆ, ಅಲ್ಲಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದ ತನಕ ಟೇಪ್ ಹಿಡೀರಿ. ನನ್ನದು 42 ಸೆಂಟಿಮೀಟರ್. ಬ್ಯಾಗ್ ಅದಕ್ಕಿಂತ ತುಂಬಾ ಉದ್ದ ಇದ್ದರೆ ಎರಡು ಕಷ್ಟ. ಕೆಳಗೆ ಸೀಟಿಗೆ ತಾಗುತ್ತೆ, ಇಲ್ಲಾಂದ್ರೆ ಮೇಲೆ ಹೆಲ್ಮೆಟ್ಟಿಗೆ ತಾಗಿ ಅದನ್ನ ಹಣೆ ಮೇಲೆ ತಳ್ಳುತ್ತೆ. ಅದಕ್ಕೇ ಹೆಲ್ಮೆಟ್ ಹಾಕ್ಕೊಂಡೇ ನೋಡಬೇಕು.

ಆಮೇಲೆ ಸೈಕಲ್ ಹಿಡಿದ ಹಾಗೆ ಮುಂದಕ್ಕೆ ಬಾಗಿ. ಬಲಕ್ಕೆ ಕತ್ತು ತಿರುಗಿಸಿ ಹಿಂದೆ ನೋಡಿ. ನಮ್ಮಲ್ಲಿ ಎಡಗಡೆ ಓಡಿಸ್ತೀವಿ, ಹಾಗಾಗಿ ದಿನಕ್ಕೆ ನೂರು ಸಲ ನೋಡೋದು ಬಲಕ್ಕೇ. ಆಗ ಬ್ಯಾಗ್ ಅಲುಗಿದರೆ, ಪಟ್ಟಿ ಜಾರಿದರೆ, ಅದು ನಿಮ್ಮ ಬ್ಯಾಗ್ ಅಲ್ಲ. ಅಂಗಡಿ ಹುಡುಗ ನಗ್ತಿದ್ದ. ನಗಲಿ ಬಿಡಿ, ಡೈರಿ ಸರ್ಕಲ್ಲಿನಲ್ಲಿ ಬೀಳೋದು ಅವನಲ್ಲ.

ಇದಕ್ಕೆ ಪರಿಹಾರ ಒಂದು ಸಣ್ಣ ವಸ್ತು. ಎದೆ ಮೇಲೆ ಎರಡೂ ಪಟ್ಟಿಗಳನ್ನ ಸೇರಿಸೋ ಕ್ಲಿಪ್ಪು. ಅದೊಂದು ನನ್ನ ಹಳೇ ಬ್ಯಾಗಿನಲ್ಲಿದ್ದಿದ್ರೆ ಜೂನ್ ತಿಂಗಳ ಆ ಮಂಗಳವಾರ ಮಾಮೂಲಿ ಮಂಗಳವಾರವೇ ಆಗಿರ್ತಿತ್ತು. ಆ ಕ್ಲಿಪ್ಪನ್ನ ಮೇಲೆ ಕೆಳಗೆ ಸರಿಸೋಕೆ ಬರಬೇಕು, ಅದು ಹೆಂಗಸರಿಗಂತೂ ಮುಖ್ಯ. ಸೊಂಟದ ಪಟ್ಟಿ ಇದ್ದರೆ ಇನ್ನೂ ಒಳ್ಳೇದು. ತೆಳುವಾಗಿದ್ದರೂ ಪರವಾಗಿಲ್ಲ, ಅದರ ಕೆಲಸ ಬ್ಯಾಗ್ ಅಲುಗದ ಹಾಗೆ ಹಿಡಿಯೋದು.

ಒಳಗೆ ಲ್ಯಾಪ್‌ಟಾಪಿನ ಜಾಗ ಬೆನ್ನಿಗೆ ಅಂಟಿಕೊಂಡಿರಲಿ. ಭಾರವಾದದ್ದು ಬೆನ್ನಿನಿಂದ ದೂರ ಹೋದಷ್ಟೂ ಹಿಂದಕ್ಕೆ ಎಳೆಯುತ್ತೆ. ಆ ಜೇಬಿನ ಕೆಳತುದಿ ಬ್ಯಾಗಿನ ತಳಕ್ಕೆ ತಾಗದೆ ಎರಡು ಬೆರಳಷ್ಟು ಮೇಲಿರಬೇಕು, ಬ್ಯಾಗನ್ನ ಧೊಪ್ ಅಂತ ಇಟ್ಟಾಗ ಲ್ಯಾಪ್‌ಟಾಪ್ ಉಳಿಯುತ್ತೆ. ಬೆನ್ನ ಕಡೆ ದಪ್ಪ ದಿಂಡುಗಳಿದ್ದು ನಡುವೆ ಗಾಳಿ ಆಡೋ ಹಾಗಿದ್ದರೆ ಬೆವರು ಸ್ವಲ್ಪ ಕಡಿಮೆ. ಸ್ವಲ್ಪ ಅಷ್ಟೇ. "ಬೆವರೇ ಬರಲ್ಲ" ಅಂತ ಯಾರಾದ್ರೂ ಹೇಳಿದ್ರೆ ಏಪ್ರಿಲ್ ತಿಂಗಳಲ್ಲಿ ಅವರನ್ನ ಸೈಕಲ್ ಹತ್ತಿಸಿ.

ಎಷ್ಟು ದೊಡ್ಡದು? ಲ್ಯಾಪ್‌ಟಾಪು, ಒಂದು ಜೊತೆ ಬಟ್ಟೆ, ಡಬ್ಬಿಗೆ 18ರಿಂದ 20 ಲೀಟರ್ ಸಾಕು. ದಿನಾ ಶೂ ಕೂಡ ಒಯ್ಯಲೇಬೇಕು ಅನ್ನೋರಿಗೆ 25. ಟ್ರೆಕ್ಕಿಂಗಿಗೂ ಆಗುತ್ತೆ ಅಂತ 40 ಲೀಟರಿಂದು ತಗೋಬೇಡಿ. ವರ್ಷಕ್ಕೆರಡು ಟ್ರೆಕ್ಕಿಗೆ ಇನ್ನೂರೈವತ್ತು ದಿನ ಹೊರಬೇಕಾ? ನಾನು ತಗೊಂಡದ್ದು 20 ಲೀಟರಿಂದು, ಬೂದು ಬಣ್ಣ, 1,800 ರೂಪಾಯಿ. ಅಪ್ಪ ಹೊಲಿಗೆ ಎಳೆದು ನೋಡಿ, ಜಿಪ್ಪು ಹತ್ತು ಸಲ ಹಾಕಿ ತೆಗೆದು, ಆಮೇಲೆ ತಲೆ ಆಡಿಸಿದರು.

ಮಳೆ ಅನ್ನೋ ಪರೀಕ್ಷೆ

ಬೆಂಗಳೂರಿನ ಮಳೆ ಸಂಜೆ ಆಫೀಸ್ ಬಿಡೋ ಹೊತ್ತಿಗೇ ಬರೋದು, ಅದರಲ್ಲೂ ಸೆಪ್ಟೆಂಬರಿನಲ್ಲಿ. ಟ್ಯಾಗಿನ ಮೇಲೆ "ವಾಟರ್ ರೆಸಿಸ್ಟೆಂಟ್" ಅಂತ ಇದ್ದರೆ ತುಂತುರು ತಡೆಯುತ್ತೆ ಅಂತ ತಿಳ್ಕೊಳ್ಳಿ, ಸುರಿಯೋ ಮಳೆ ಅಲ್ಲ. ಬಟ್ಟೆಗೆ ಲೇಪನ ಇದ್ದರೂ ನೀರು ಹೊಲಿಗೆ ತೂತಿನಿಂದ, ಜಿಪ್ಪಿನಿಂದ ಒಳಗೆ ಬರುತ್ತೆ. ಹಳೇ ಬ್ಯಾಗಿನಲ್ಲಿ ಹೀಗೇ ಬಟ್ಟೆಯೆಲ್ಲ ನೆನೆದು, ಒಂದಿಡೀ ದಿನ ಎಸಿ ಕೆಳಗೆ ನಡುಗಿದ್ದೇನೆ. ಪೂರ್ತಿ ನೀರು ತಡೆಯೋದು ಹೊಲಿಗೆ ಇಲ್ಲದೆ ಶಾಖದಿಂದ ಬೆಸೆದ, ಬಾಯಿಯನ್ನ ಸುರುಳಿ ಸುತ್ತಿ ಮುಚ್ಚೋ ಬ್ಯಾಗ್. ಬೆಲೆ ಜಾಸ್ತಿ, ಅದರಿಂದ ಒಂದು ಪೆನ್ನು ತೆಗೀಬೇಕಾದ್ರೂ ಇಡೀ ಸುರುಳಿ ಬಿಚ್ಚಬೇಕು.

ಮೇಲೆ ಹೊದಿಸೋ ರೇನ್ ಕವರ್ ಒಳ್ಳೇದೇ. ಆದ್ರೆ ಬೆನ್ನಿಗೂ ಬ್ಯಾಗಿಗೂ ನಡುವೆ ಇಳಿಯೋ ನೀರನ್ನ ಅದು ತಡೆಯಲ್ಲ. ಆ ನೀರು ಕೆಳಗೆ ಕವರಿನಲ್ಲೇ ನಿಲ್ಲುತ್ತೆ, ತಳ ಅದರಲ್ಲಿ ನೆನೆಯುತ್ತೆ. ಅದಕ್ಕೇ ನಾನು ಎರಡು ಕೆಲಸ ಮಾಡ್ತೀನಿ. ಹೊರಗೆ ಎದ್ದು ಕಾಣೋ ಹಳದಿ ರೇನ್ ಕವರ್, ಒಳಗೆ ಲ್ಯಾಪ್‌ಟಾಪಿಗೂ ಬಟ್ಟೆಗೂ ಒಂದೊಂದು ದಪ್ಪ ಪ್ಲಾಸ್ಟಿಕ್ ಕವರ್. ಖರ್ಚು ಏನೂ ಇಲ್ಲ. ಸೆಪ್ಟೆಂಬರಿನಲ್ಲಿ ಮೂರು ಸಲ ತೊಯ್ದು ತೊಪ್ಪೆಯಾಗಿ ಮನೆಗೆ ಬಂದೆ. ಲ್ಯಾಪ್‌ಟಾಪಿಗೆ ಒಂದು ಹನಿ ತಾಗಲಿಲ್ಲ.

ರೇಡಿಯಂ

ಅಪ್ಪ ಊರಿಗೆ ಹೊರಡೋ ಹಿಂದಿನ ಸಂಜೆ ವಾಕಿಂಗ್ ಅಂತ ಹೋದವರು ಒಂದು ಗಂಟೆ ಬರಲಿಲ್ಲ. ಬಂದಾಗ ಕೈಯಲ್ಲಿ ನನ್ನ ಹೊಸ ಬ್ಯಾಗ್ ಇತ್ತು. ಹೋಗುವಾಗ ಅದನ್ನೂ ಒಯ್ದಿದ್ದಾರೆ, ನಾನು ನೋಡಿರಲಿಲ್ಲ. ಬೈಕುಗಳಿಗೆ ಸ್ಟಿಕ್ಕರ್ ಹಾಕೋ ಅಂಗಡಿಯಲ್ಲಿ ರೇಡಿಯಂ ಪಟ್ಟಿ ತಗೊಂಡು, ನಮ್ಮ ಹೊಲಿಗೆ ಅಣ್ಣನ ಹತ್ತಿರ ಹೋಗಿ, ಅಂಟು ಬಿಟ್ಟುಹೋಗದ ಹಾಗೆ ಅಂಚಿಗೆ ಹೊಲಿಗೆ ಹಾಕಿಸಿಕೊಂಡು ಬಂದಿದ್ದರು. ಹಿಂದೆ ಒಂದು ಅಡ್ಡಪಟ್ಟಿ, ಎರಡೂ ಬದಿಗೆ ಒಂದೊಂದು. ಕೋಣೆಯ ಲೈಟ್ ಆರಿಸಿ, ಫೋನಿನ ಟಾರ್ಚ್ ಬಿಟ್ಟು ತೋರಿಸಿದರು. ಝಗ್ಗಂತು.

"ಹಿಂದೆ ಬರೋ ಬಸ್ಸಿನವನಿಗೆ ದೂರದಿಂದಲೇ ಕಾಣಬೇಕು" ಅಂದರು.

ಬಸ್ಸು ಅಂತ ಯಾಕೆ ಅಂದರು? ನಾನು ಸುಮ್ಮನಿದ್ದೆ.

"ಹಳೇ ಬ್ಯಾಗಿನ ಎಡಗಡೆ ಮೂಲೆ ಉಜ್ಜಿ ದಾರ ಬಿಟ್ಟಿದೆ. ಸೈಕಲ್ಲಿನ ಎಡ ಹ್ಯಾಂಡಲ್ ತುದಿನೂ ಉಜ್ಜಿದೆ. ನಿನ್ನ ಮೊಣಕೈನೂ ಎಡಗಡೇದೆ. ಬಾತ್‌ರೂಮಿಗೆ ಸೈಕಲ್ ತಗೊಂಡು ಹೋಗಿದ್ಯಾ?"

ನಗು, ಅಳು ಎರಡೂ ಒಟ್ಟಿಗೇ ಬಂತು. ಬಂದ ದಿನವೇ ಎಲ್ಲ ನೋಡಿದ್ದಾರೆ. ಎರಡು ವಾರ ತೂಗಿದ್ದು, ಬರೆದದ್ದು, ಅಂಗಡಿಗೆ ಬಂದದ್ದು, ಎಲ್ಲ ಅದಕ್ಕೇ. ಒಂದು ಸಲವೂ "ಸೈಕಲ್ ಬಿಡು" ಅನ್ನಲಿಲ್ಲ.

"ಅಮ್ಮಂಗೆ ಹೇಳ್ಬೇಡಿ ಅಪ್ಪ" ಅಂದೆ.

"ಕಾರ್ಖಾನೆ ಸೇರಿದ ಹೊಸದರಲ್ಲಿ ನಾನೂ ಒಂದು ಸಲ ಬಿದ್ದಿದ್ದೆ. ಅಂಗಿ ಹರಿದದ್ದು ಮೆಷಿನ್ನಿಗೆ ಸಿಕ್ಕಿ ಅಂತ ಹೇಳಿದ್ದೆ. ನಿಮ್ಮಮ್ಮ ಇವತ್ತಿಗೂ ಹಾಗೇ ನಂಬಿದಾಳೆ."

ಈಗ ಆ ಬ್ಯಾಗಿಗೆ ಐದು ತಿಂಗಳು. ಕೈಬೆರಳು ಜೋಮು ಹಿಡಿಯೋದು ನಿಂತಿದೆ. ತಿಂಗಳಿಗೊಮ್ಮೆ ಬ್ಯಾಗನ್ನ ಪೂರ್ತಿ ಖಾಲಿ ಮಾಡಿ ತೂಗ್ತೀನಿ. ಪ್ರತಿ ಸಲವೂ ಎಲ್ಲಿಂದಲೋ ಅರ್ಧ ಕಿಲೋ ಒಳಗೆ ಸೇರಿರುತ್ತೆ. ನಿಮ್ಮ ಬ್ಯಾಗನ್ನೂ ಇವತ್ತು ರಾತ್ರಿ ಒಂದು ಸಲ ತೂಗಿ ನೋಡಿ. ಹೊಸದು ಕೊಳ್ಳೋದು ನಾಳೆ ಇದ್ದೇ ಇದೆ.

ಒಂದು ವಿಷಯ ಮರೆತಿದ್ದೆ. ಈ ಅಂಕಣವನ್ನ ಅಮ್ಮ ಒಂದು ವಾರವೂ ತಪ್ಪಿಸಲ್ಲ. ಅಪ್ಪ, ಫೋನ್ ಬಂದ್ರೆ ನೀವೇ ಎತ್ತಿ.